ಆರಿದ ದೀಪ, ಉಳಿದ ಕಡ್ಡಿ: ವಾಲ್ಟರ್ ನೆರ್ನ್ಸ್ಟನ ಬದುಕು

ಮದುವೆಯ ಚಪ್ಪರದಲ್ಲೂ ಬಯಲಾಟದ ರಂಗಸ್ಥಳದಲ್ಲೂ ಗ್ಯಾಸ್‌ಲೈಟು ಉರಿಯುತ್ತಿದ್ದ ಕಾಲವನ್ನು ಕಂಡವರು ನಮ್ಮ ವಾಚಕರಲ್ಲಿ ಇನ್ನೂ ಅನೇಕರಿದ್ದಾರೆ. ಆ ದೀಪದ ಮೇಂಟಲ್ ಎಂಬ ಬಲೆಚೀಲ ಮೊದಲ ಸಲ ಹೊತ್ತಿಸಿದಾಗಲೇ ಸುಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಬೆಳ್ಳಗೆ ಬೆಳಗುವುದು ಬಟ್ಟೆಯಲ್ಲ, ಬಟ್ಟೆಯ ಆಕಾರದಲ್ಲಿ ನಿಂತ ಥೋರಿಯಂ ಲೋಹದ ಆಕ್ಸೈಡು. ಬೆರಳು ತಾಗಿದರೆ ಪುಡಿಯಾಗುವ ಈ ಬೂದಿ ಅಷ್ಟು ಬಿಸಿಗೂ ಕರಗದೆ ಬೆಳಕು ಕೊಡುವುದನ್ನು ಕಂಡು, ಇಂಥದೊಂದು ಆಕ್ಸೈಡನ್ನು ಸೀಮೆಎಣ್ಣೆಯ ಬದಲು ವಿದ್ಯುತ್ತಿನಿಂದಲೇ ಬೆಳಗಿಸಬಾರದೇಕೆ ಎಂದು ಜರ್ಮನಿಯ ಒಬ್ಬ ಪ್ರಾಧ್ಯಾಪಕ 1890ರ ದಶಕದಲ್ಲಿ ಯೋಚಿಸಿದ. ಆತನ ಹೆಸರು ವಾಲ್ಟರ್ ನೆರ್ನ್ಸ್ಟ್. ಆತ ಮಾಡಿದ ದೀಪ ಹತ್ತು ಹನ್ನೆರಡು ವರ್ಷಗಳಲ್ಲಿ ಪೇಟೆಯಿಂದ ಮಾಯವಾಯಿತು. ಆದರೆ ದೀಪದ ಕಡ್ಡಿಗೆ ಬಳಸಿದ ವಸ್ತು ಮಾತ್ರ ಸಾಯಲಿಲ್ಲ. ಘನ ಆಕ್ಸೈಡ್ ಇಂಧನಕೋಶವೆಂಬ ಹೆಸರಿನಲ್ಲಿ, ಇಂಧನವನ್ನು ಬೆಂಕಿಯಿಲ್ಲದೆಯೇ ವಿದ್ಯುತ್ತಾಗಿಸುವ ಯಂತ್ರದ ಹೃದಯವಾಗಿ ಅದು ಇಂದಿಗೂ ಬದುಕಿದೆ. ಆ ವಸ್ತುವಿನ ಕಥೆಯನ್ನೂ ಅದರ ಒಡೆಯನ ಕಥೆಯನ್ನೂ ನಾವಿಲ್ಲಿ ಒಟ್ಟಿಗೇ ಹೇಳಬೇಕಾಗಿದೆ.

ನೆರ್ನ್ಸ್ಟ್ ಹುಟ್ಟಿದ್ದು 1864ರ ಜೂನ್ 25ರಂದು, ಆಗಿನ ಪಶ್ಚಿಮ ಪ್ರಷ್ಯದ ಬ್ರೀಸನ್ ಎಂಬ ಸಣ್ಣ ಊರಿನಲ್ಲಿ. ಜರ್ಮನ್ ಆಡುವವರೂ ಪೋಲಿಷ್ ಆಡುವವರೂ ಕೂಡಿ ಬಾಳಿದ ಗಡಿನಾಡು ಅದು. ಇಂದು ಆ ಊರು ಪೋಲೆಂಡಿಗೆ ಸೇರಿದೆ, ಹೆಸರೂ ಬದಲಾಗಿದೆ. ತಂದೆ ನ್ಯಾಯಾಧೀಶ. ಹುಡುಗ ಗ್ರೌಡೆಂಟ್ಸಿನ ಶಾಲೆಯಲ್ಲಿ ಲ್ಯಾಟಿನ್ ಮತ್ತು ಸಾಹಿತ್ಯ ಓದಿ, ಕವಿಯಾಗಬೇಕೆಂದು ಬಯಸಿದ್ದನಂತೆ. ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕ ಅವನ ಮನಸ್ಸನ್ನು ಬೇರೆ ಕಡೆ ತಿರುಗಿಸಿದ. ಹಾಗಿದ್ದರೂ ನಾಟಕದ ಹುಚ್ಚು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಆಗಿನ ಜರ್ಮನ್ ಪದ್ಧತಿಯಂತೆ ವಿದ್ಯಾರ್ಥಿಯಾಗಿ ಊರಿಂದೂರಿಗೆ ಅಲೆದ: ಜ್ಯೂರಿಕ್, ಬರ್ಲಿನ್, ಗ್ರಾಜ್, ವೂರ್ಜ್‌ಬುರ್ಗ್. ಗ್ರಾಜಿನಲ್ಲಿ ಬೋಲ್ಟ್ಸ್‌ಮನ್ ಎಂಬ ಮಹಾಪಂಡಿತನಿದ್ದ. ಅಲ್ಲಿಯೇ ಎಟಿಂಗ್ಸ್‌ಹೌಸನ್ ಎಂಬವನೊಡನೆ ಸೇರಿ, ಕಾಂತದ ನಡುವೆ ಇರಿಸಿದ ಲೋಹದ ತಗಡಿನಲ್ಲಿ ಶಾಖ ಹರಿಯುವಾಗ ಅಡ್ಡಕ್ಕೆ ವಿದ್ಯುತ್ತು ತೋರುವುದನ್ನು 1886ರಲ್ಲಿ ಕಂಡುಹಿಡಿದ. ಆಗ ವಯಸ್ಸು ಇಪ್ಪತ್ತೆರಡು. ಮರುವರ್ಷ ವೂರ್ಜ್‌ಬುರ್ಗಿನಲ್ಲಿ ಕೋಲ್‌ರೌಶನ ಬಳಿ ಡಾಕ್ಟರೇಟು ಪಡೆದ. ಕೋಲ್‌ರೌಶ್ ಎಂದರೆ ದ್ರಾವಣಗಳ ವಿದ್ಯುದ್ವಾಹಕತೆಯನ್ನು ಕರಾರುವಾಕ್ಕಾಗಿ ಅಳೆಯಲು ಲೋಕಕ್ಕೆ ಕಲಿಸಿದಾತ. ಶಿಷ್ಯನ ಮುಂದಿನ ಬದುಕೆಲ್ಲ ಈ ವಾಹಕತೆ ಎಂಬ ಶಬ್ದದ ಸುತ್ತಲೇ ಸುತ್ತಿತು ಎನ್ನಬೇಕು.

1887ರಲ್ಲಿ ಓಸ್ಟ್ವಾಲ್ಡನ ಸಹಾಯಕನಾಗಿ ಲೈಪ್ಸಿಗ್ಗಿಗೆ ಬಂದ. ಉಪ್ಪು ನೀರಿನಲ್ಲಿ ಕರಗಿದಾಗ ಧನ ಮತ್ತು ಋಣ ವಿದ್ಯುತ್ತಿನ ಅಯಾನುಗಳಾಗಿ ಒಡೆಯುತ್ತದೆ ಎಂಬ ಅರೀನಿಯಸನ ವಾದ ಆಗ ಹೊಚ್ಚ ಹೊಸದು. ಹಳೆಯ ಪಂಡಿತರು ಮೂಗು ಮುರಿಯುತ್ತಿದ್ದ ಕಾಲ. ನೆರ್ನ್ಸ್ಟ್ ಆ ವಾದವನ್ನು ಹಿಡಿದು, ಬ್ಯಾಟರಿಯೊಂದು ಎಷ್ಟು ವೋಲ್ಟು ಕೊಡಬೇಕೆಂಬುದನ್ನು ಅದರ ದ್ರಾವಣದ ಸಾಂದ್ರತೆಯಿಂದ ಲೆಕ್ಕಹಾಕುವ ಸೂತ್ರವನ್ನು 1889ರಲ್ಲಿ ಕೊಟ್ಟ. ಎರಡು ಕಡೆಯ ಸಾಂದ್ರತೆಯಲ್ಲಿ ಹತ್ತು ಪಟ್ಟು ಅಂತರವಿದ್ದರೆ, ಒಂದೇ ವಿದ್ಯುದಂಶವುಳ್ಳ ಅಯಾನಿಗೆ 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 59 ಮಿಲಿವೋಲ್ಟು. ನೂರು ಪಟ್ಟಾದರೆ ಅದರ ಇಮ್ಮಡಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಮಕ್ಕಳು ಇಂದಿಗೂ ಬಾಯಿಪಾಠ ಮಾಡುವ ನೆರ್ನ್ಸ್ಟ್ ಸಮೀಕರಣ ಇದೇ. ಇಪ್ಪತ್ತೈದರ ತರುಣನೊಬ್ಬನಿಗೆ ಹೆಸರು ಬರಲು ಇಷ್ಟು ಸಾಕಾಗಿತ್ತು.

ಬಳಿಕ ಗೋಟಿಂಗನ್. ಅಲ್ಲಿ 1892ರಲ್ಲಿ ಎಮ್ಮಾ ಲೋಮೆಯರಳನ್ನು ಮದುವೆಯಾದ. 1893ರಲ್ಲಿ ಸೈದ್ಧಾಂತಿಕ ರಸಾಯನಶಾಸ್ತ್ರದ ಮೇಲೆ ಬರೆದ ಗ್ರಂಥ ಮೂವತ್ತು ವರ್ಷಗಳಿಗೂ ಮಿಕ್ಕಿ ಮರುಮುದ್ರಣಗಳನ್ನು ಕಾಣುತ್ತಾ ಹೋಯಿತು. ಮ್ಯೂನಿಕ್ ವಿಶ್ವವಿದ್ಯಾಲಯ ಕರೆದಾಗ, ಈತನನ್ನು ಬಿಟ್ಟುಕೊಡಲೊಲ್ಲದ ಗೋಟಿಂಗನ್ ಪ್ರಾಧ್ಯಾಪಕ ಪೀಠವನ್ನೂ ಭೌತರಸಾಯನಕ್ಕೆಂದೇ ಒಂದು ಸಂಸ್ಥೆಯನ್ನೂ ಕೊಟ್ಟು ಉಳಿಸಿಕೊಂಡಿತು.

ದೀಪದ ಕಥೆ ಇಲ್ಲಿಂದ ತೊಡಗುತ್ತದೆ. ಎಡಿಸನ್ನನ ಬಲ್ಬಿನಲ್ಲಿ ಆಗ ಇದ್ದದ್ದು ಇಂಗಾಲದ ಎಳೆ. ಅದು ಗಾಳಿಗೆ ತಾಗಿದರೆ ಉರಿದುಹೋಗುತ್ತದೆ; ಆದುದರಿಂದ ಗಾಜಿನ ಬುರುಡೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕು. ಬೆಳಕೋ ಕೆಂಪು ಹಳದಿ, ವಿದ್ಯುತ್ತು ತಿನ್ನುವುದೂ ಹೆಚ್ಚು. ಆಕ್ಸೈಡು ಎಂದರೆ ಈಗಾಗಲೇ ಉರಿದು ಮುಗಿದ ವಸ್ತು, ಅದು ಮತ್ತೆ ಉರಿಯಲಾರದು. ಗಾಳಿಯಲ್ಲೇ ಬೆಳಗಿಸಬಹುದು. ತೊಡಕು ಒಂದೇ: ತಣ್ಣಗಿರುವ ಆಕ್ಸೈಡು ಪಿಂಗಾಣಿಯ ಹಾಗೆ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದರೆ ಚೆನ್ನಾಗಿ ಕಾಯಿಸಿದರೆ ಕೆಲವು ಆಕ್ಸೈಡುಗಳು ವಾಹಕಗಳಾಗುತ್ತವೆ, ಅದರಲ್ಲಿಯೂ ಒಂದರೊಳಗೊಂದು ಬೆರಸಿದಾಗ ವಾಹಕತೆ ಬಹಳ ಹೆಚ್ಚುತ್ತದೆ ಎಂದು ನೆರ್ನ್ಸ್ಟ್ ಕಂಡ. ಅನೇಕ ಬೆರಕೆಗಳನ್ನು ಪರೀಕ್ಷಿಸಿ ಕೊನೆಗೆ ಆರಿಸಿದ್ದು ಜಿರ್ಕೋನಿಯಂ ಆಕ್ಸೈಡು ನೂರಕ್ಕೆ 85 ಪಾಲು, ಯಿಟ್ರಿಯಂ ಆಕ್ಸೈಡು 15 ಪಾಲು. ಇದಕ್ಕೆ ನೆರ್ನ್ಸ್ಟ್ ದ್ರವ್ಯ ಎಂದೇ ಹೆಸರಾಯಿತು. 1897ರಲ್ಲಿ ಪೇಟೆಂಟು ಮಾಡಿಸಿದ; 1899ರಲ್ಲಿ ಶಾಸ್ತ್ರೀಯ ಲೇಖನ ಪ್ರಕಟಿಸಿದ.

ಅದು ಬಹಳ ಸೊಗಸಾದ ಆದರೆ ಗೊಂದಲದ ದೀಪವಾಗಿತ್ತು. ತೆಳುವಾದ ಬಿಳಿ ಕಡ್ಡಿ, ಅದರ ಎರಡು ತುದಿಗೂ ಸುತ್ತಿದ ಪ್ಲ್ಯಾಟಿನಂ ತಂತಿ. ಮೊದಮೊದಲು ಕಡ್ಡಿಯನ್ನು ಬೆಂಕಿಕಡ್ಡಿ ಗೀರಿಯೇ ಕಾಯಿಸಬೇಕಾಗಿತ್ತಂತೆ! ವಿದ್ಯುದ್ದೀಪವನ್ನು ಬೆಂಕಿಪೊಟ್ಟಣದಿಂದ ಹೊತ್ತಿಸುವ ಈ ಅವಸ್ಥೆಗೆ ಜನ ನಕ್ಕಿರಲೇಬೇಕು. ಮುಂದೆ ಬಳಿಯಲ್ಲೇ ಒಂದು ಕಾಯಿಸುವ ಸುರುಳಿಯನ್ನಿಟ್ಟು, ಕಡ್ಡಿ ಬಿಸಿಯಾಗಿ ವಿದ್ಯುತ್ತು ಹರಿಯತೊಡಗಿದ ಕೂಡಲೇ ಒಂದು ವಿದ್ಯುತ್ಕಾಂತ ಆ ಸುರುಳಿಯನ್ನು ತಾನಾಗಿ ಕಡಿದುಬಿಡುವ ಏರ್ಪಾಡು ಮಾಡಿದರು. ಮತ್ತೊಂದು ಫಜೀತಿ ಇತ್ತು. ಲೋಹದ ತಂತಿ ಬಿಸಿಯಾದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚು. ಈ ಕಡ್ಡಿಯದು ತದ್ವಿರುದ್ಧ, ಬಿಸಿಯಾದಷ್ಟೂ ತಡೆ ಕಡಿಮೆ. ತಡೆ ಕಡಿಮೆಯಾದರೆ ವಿದ್ಯುತ್ತು ಹೆಚ್ಚು, ಅದರಿಂದ ಬಿಸಿ ಇನ್ನೂ ಹೆಚ್ಚು; ಹೀಗೇ ಬಿಟ್ಟರೆ ಕಡ್ಡಿ ಕರಗಿಹೋಗುವುದೇ ಸೈ. ಅದಕ್ಕಾಗಿ ಜಲಜನಕ ತುಂಬಿದ ಬುರುಡೆಯಲ್ಲಿ ಕಬ್ಬಿಣದ ತಂತಿಯೊಂದನ್ನು ಸಾಲಿನಲ್ಲಿ ಸೇರಿಸಿ ಕಡಿವಾಣ ಹಾಕಿದರು. ಇಷ್ಟೆಲ್ಲ ಇದ್ದರೂ, ಇಂಗಾಲದ ಎಳೆಯ ಬಲ್ಬು ತಿನ್ನುವ ವಿದ್ಯುತ್ತಿನ ಸುಮಾರು ಅರ್ಧದಲ್ಲೇ ಅದು ಅಷ್ಟೇ ಬೆಳಕು ಕೊಡುತ್ತಿತ್ತು, ಅದೂ ಹಗಲಿನಂಥ ಬಿಳಿ ಬೆಳಕು.

ಇಲ್ಲಿ ಶಾಸ್ತ್ರದ ಒಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ತಾಮ್ರದ ತಂತಿಯಲ್ಲಿ ಹರಿಯುವುದು ಇಲೆಕ್ಟ್ರಾನು. ಈ ಕಡ್ಡಿಯಲ್ಲಿ ಹರಿಯುವುದು ಇಲೆಕ್ಟ್ರಾನಲ್ಲ, ಆಮ್ಲಜನಕದ ಅಯಾನು. ಘನವಸ್ತುವಿನ ಒಳಗೇ, ಅದು ಕರಗದೆ ಗಟ್ಟಿಯಾಗಿರುವಾಗಲೇ, ಆಮ್ಲಜನಕ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುತ್ತದೆ. ಹಾಗಾದರೆ ಏಕಮುಖ ವಿದ್ಯುತ್ತು ಹಾಯಿಸಿದರೆ ಕಡ್ಡಿಯ ಆಮ್ಲಜನಕವೆಲ್ಲ ಒಂದು ಕಡೆಗೆ ಹೋಗಿ ಅದು ಹಾಳಾಗಬೇಕಲ್ಲವೆ? ಆಗುವುದಿಲ್ಲ. ಒಂದು ತುದಿಯಲ್ಲಿ ಆಮ್ಲಜನಕ ಗಾಳಿಗೆ ಬಿಡುಗಡೆಯಾದರೆ, ಇನ್ನೊಂದು ತುದಿಯಲ್ಲಿ, ಕ್ಯಾಥೋಡಿನಲ್ಲಿ, ಅಷ್ಟೇ ಆಮ್ಲಜನಕವನ್ನು ಕಡ್ಡಿ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ ಎಂದು ನೆರ್ನ್ಸ್ಟ್ ವಿವರಿಸಿದ. ಪ್ಲ್ಯಾಟಿನಂ ತಂತಿ, ಬಿಳಿ ಕಡ್ಡಿ ಮತ್ತು ಗಾಳಿ, ಈ ಮೂರೂ ಕೂಡುವ ಆ ಸಣ್ಣ ಜಾಗವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅರ್ಧ ಶತಮಾನದ ಮೇಲೆ ದೊಡ್ಡ ದೊಡ್ಡ ಪ್ರಯೋಗಶಾಲೆಗಳು ತಲೆಕೆಡಿಸಿಕೊಂಡದ್ದು ಆ ಜಾಗದ ಮೇಲೆಯೇ.

ನೆರ್ನ್ಸ್ಟ್ ಒಳ್ಳೆಯ ವ್ಯಾಪಾರಿ. ದೀಪದ ಹಕ್ಕನ್ನು ಎಇಜಿ ಎಂಬ ಜರ್ಮನ್ ಕಂಪೆನಿಗೆ ಹತ್ತು ಲಕ್ಷ ಮಾರ್ಕಿಗೆ ಮಾರಿದನೆಂದು ಪ್ರಸಿದ್ಧಿ. ಲಾಭದಲ್ಲಿ ಪಾಲು ಬೇಡ, ಕೈಗೆ ಕಾಸು ಬರಲಿ ಎಂಬುದು ಆತನ ಲೆಕ್ಕಾಚಾರ. ಆ ಲೆಕ್ಕ ಎಷ್ಟು ಸರಿಯಾಗಿತ್ತೆಂದು ಕಂಪೆನಿಗೆ ಆಮೇಲೆ ತಿಳಿಯಿತು. ಕಿವಿ ಮಂದವಾಗಿದ್ದ ಎಡಿಸನ್ನನನ್ನು ಅಮೆರಿಕದಲ್ಲಿ ಕಂಡಾಗ, ಪಂಡಿತರಿಗೆ ವ್ಯವಹಾರ ತಿಳಿಯದೆಂದು ಎಡಿಸನ್ ಉಪದೇಶ ಮಾಡಿದನೆಂದೂ, ದೀಪಕ್ಕೆ ಬಂದ ಮೊತ್ತವನ್ನು ಹೇಳಿ ನಿನಗೇ ವ್ಯಾಪಾರ ತಿಳಿಯದೆಂದು ನೆರ್ನ್ಸ್ಟ್ ಆತನ ಕಿವಿಯ ಕೊಳವೆಯಲ್ಲಿ ಕೂಗಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಎಷ್ಟು ನಿಜವೋ, ಕಥೆ ಮಾತ್ರ ಆತನ ಸ್ವಭಾವಕ್ಕೆ ಒಪ್ಪುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ದೀಪ ಬೆಳಗಿತು. ಅಮೆರಿಕದಲ್ಲಿ ಹಕ್ಕು ಕೊಂಡವನು ವೆಸ್ಟಿಂಗ್‌ಹೌಸ್. ಈ ಹೆಸರೂ ಮುಂದೆ ಬರಲಿದೆ. ಬಂದ ಹಣದಲ್ಲಿ ನೆರ್ನ್ಸ್ಟ್ ಮೋಟಾರು ಕಾರು ಕೊಂಡ. ಗೋಟಿಂಗನ್ನಿನಲ್ಲಿ ಕಾರು ಓಡಿಸಿದ ಮೊದಲಿಗರಲ್ಲಿ ಆತನೊಬ್ಬ. ಕಾರಿನ ಗೀಳು ಕೊನೆಯವರೆಗೂ ಇತ್ತು.

ದೀಪ ಸೋತದ್ದು ಟಂಗ್‌ಸ್ಟನ್ ಎಳೆಗೆ. 1910ರ ಹೊತ್ತಿಗೆ ಟಂಗ್‌ಸ್ಟನ್ನನ್ನು ಕೂದಲಿನಂತೆ ತೆಳುವಾಗಿ ಎಳೆಯುವ ವಿದ್ಯೆ ಕೈವಶವಾಯಿತು. ಕಾಯಿಸುವ ಗೋಜಿಲ್ಲ, ಗುಂಡಿ ಒತ್ತಿದರೆ ಬೆಳಕು. ಆ ಬಲ್ಬಿನೊಳಗೆ ಅನಿಲ ತುಂಬಿ ಇನ್ನಷ್ಟು ಉತ್ತಮಗೊಳಿಸಿದವನು ಅಮೆರಿಕದ ಲ್ಯಾಂಗ್‌ಮ್ಯೂರ್, 1913ರಲ್ಲಿ. ಈ ಲ್ಯಾಂಗ್‌ಮ್ಯೂರ್ 1906ರಲ್ಲಿ ಗೋಟಿಂಗನ್ನಿನಲ್ಲಿ ಡಾಕ್ಟರೇಟು ಪಡೆದದ್ದು ನೆರ್ನ್ಸ್ಟನ ಶಿಷ್ಯನಾಗಿ, ಅದೂ ಕಾದ ತಂತಿಯ ಸುತ್ತಲಿನ ಅನಿಲಗಳ ಮೇಲೆ ಪ್ರಬಂಧ ಬರೆದು!

1905ರಲ್ಲಿ ನೆರ್ನ್ಸ್ಟ್ ಬರ್ಲಿನ್ನಿಗೆ ಬಂದ. ಅದೇ ವರ್ಷದ ಡಿಸೆಂಬರಿನಲ್ಲಿ ತನ್ನ ಉಷ್ಣಪ್ರಮೇಯವನ್ನು ಮಂಡಿಸಿದ. ಉಷ್ಣಗತಿವಿಜ್ಞಾನದ ಮೂರನೆಯ ನಿಯಮವೆಂದು ಪ್ರಸಿದ್ಧವಾದದ್ದು ಇದೇ. ನಿರಪೇಕ್ಷ ಶೂನ್ಯ ಎಂಬ ಅತ್ಯಂತ ಕೆಳಗಿನ ಶಾಖದ ಹತ್ತಿರ ಹೋದಂತೆ ವಸ್ತುಗಳ ಕ್ರಿಯೆಯಲ್ಲಿ ಎಂಟ್ರೊಪಿಯ ವ್ಯತ್ಯಾಸವೂ ಶೂನ್ಯಕ್ಕಿಳಿಯುತ್ತದೆ ಎಂಬುದು ಅದರ ತಿರುಳು. ಇದರ ಪ್ರಯೋಜನವೇನೆಂದರೆ, ಯಾವ ರಾಸಾಯನಿಕ ಕ್ರಿಯೆ ಎಷ್ಟರ ಮಟ್ಟಿಗೆ ನಡೆದೀತು ಎಂಬುದನ್ನು ಬರಿಯ ಶಾಖದ ಅಳತೆಗಳಿಂದಲೇ ಲೆಕ್ಕಹಾಕಬಹುದು. ಮೊದಲ ನಿಯಮಕ್ಕೆ ಮೂವರು ಕರ್ತೃಗಳು, ಎರಡನೆಯದಕ್ಕೆ ಇಬ್ಬರು, ಮೂರನೆಯದಕ್ಕೆ ತಾನೊಬ್ಬನೇ, ಆದುದರಿಂದ ನಾಲ್ಕನೆಯ ನಿಯಮ ಹುಟ್ಟುವಂತಿಲ್ಲ ಎಂದು ಆತ ಗಂಭೀರವಾಗಿಯೇ ಹೇಳುತ್ತಿದ್ದನಂತೆ. ವಿನಯ ಆತನ ಗುಣಗಳಲ್ಲಿ ಸೇರಿರಲಿಲ್ಲ.

ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ವಿಷಯದಲ್ಲಿ 1907ರಲ್ಲಿ ಹ್ಯಾಂಬರ್ಗಿನ ಸಭೆಯೊಂದರಲ್ಲಿ ಫ್ರಿಟ್ಸ್ ಹಾಬರನ ಅಂಕಿಗಳು ತಪ್ಪೆಂದು ನೆರ್ನ್ಸ್ಟ್ ಎಲ್ಲರೆದುರು ಹೇಳಿದ. ಅವಮಾನಗೊಂಡ ಹಾಬರ್ ಹೆಚ್ಚಿನ ಒತ್ತಡದಲ್ಲಿ ಪ್ರಯೋಗ ನಡೆಸಿ, 1909ರಲ್ಲಿ ಅಮೋನಿಯ ತಯಾರಿಕೆಯಲ್ಲಿ ಗೆದ್ದ. ಇಂದು ಗದ್ದೆಗೆ ಹಾಕುವ ಯೂರಿಯದ ಮೂಲ ಅಲ್ಲಿದೆ. ಮುಂದೆ ಆ ಪೇಟೆಂಟಿನ ವ್ಯಾಜ್ಯ ಬಂದಾಗ ನೆರ್ನ್ಸ್ಟ್ ಹಾಬರನ ಪರವಾಗಿಯೇ ನಿಂತ. ಐನ್‌ಸ್ಟೈನನ ಕ್ವಾಂಟಂ ವಿಚಾರಗಳನ್ನು ಹಲವರು ಇನ್ನೂ ನಂಬದಿದ್ದಾಗ, ಅತಿಶೀತದಲ್ಲಿ ವಸ್ತುಗಳ ಉಷ್ಣಧಾರಣೆಯನ್ನು ಅಳೆದು ಅದಕ್ಕೆ ಬಲ ಕೊಟ್ಟದ್ದು ನೆರ್ನ್ಸ್ಟನ ಬರ್ಲಿನ್ ಪ್ರಯೋಗಶಾಲೆ. ಬೆಲ್ಜಿಯಂನ ಉದ್ಯಮಿ ಸಾಲ್ವೇಯನ್ನು ಒಪ್ಪಿಸಿ 1911ರ ಬ್ರಸೆಲ್ಸ್ ಸಮ್ಮೇಳನವನ್ನು ನಡೆಸಿದ್ದರಲ್ಲೂ ಆತನದೇ ಮುಖ್ಯ ಕೈ. 1913ರಲ್ಲಿ ಪ್ಲ್ಯಾಂಕನೊಡನೆ ಜ್ಯೂರಿಕ್‌ಗೆ ಹೋಗಿ ಐನ್‌ಸ್ಟೈನನನ್ನು ಬರ್ಲಿನ್ನಿಗೆ ಬರಲು ಒಪ್ಪಿಸಿದವನೂ ಆತನೇ.

ನಮ್ಮ ದೇಶಕ್ಕೂ ಒಂದು ನಂಟಿದೆ. ಮೇಘನಾದ ಸಾಹಾ ಅವರು 1920ರಲ್ಲಿ ನಕ್ಷತ್ರಗಳ ಬಿಸಿಯನ್ನು ಅವುಗಳ ಬೆಳಕಿನಿಂದ ಅರಿಯುವ ಸೂತ್ರವನ್ನು ಕಟ್ಟಿದ್ದು ನೆರ್ನ್ಸ್ಟನ ಉಷ್ಣಪ್ರಮೇಯದ ತಳಹದಿಯ ಮೇಲೆ. ಯುರೋಪಿಗೆ ಹೋದಾಗ ಸಾಹಾ ಅವರು ಕೆಲಕಾಲ ಬರ್ಲಿನ್ನಿನ ನೆರ್ನ್ಸ್ಟ್ ಪ್ರಯೋಗಶಾಲೆಯಲ್ಲಿಯೇ ಕೆಲಸ ಮಾಡಿದರು.

1914ರ ಯುದ್ಧ ಈ ಬದುಕಿನ ಕಪ್ಪು ಅಧ್ಯಾಯ. ಐವತ್ತು ವರ್ಷದ ಪ್ರಾಧ್ಯಾಪಕ ತನ್ನ ಕಾರಿನೊಡನೆ ಸೈನ್ಯದ ಸ್ವಯಂಸೇವಕ ಚಾಲಕನಾಗಿ ಸೇರಿ, ಪ್ಯಾರಿಸಿನ ಹತ್ತಿರದವರೆಗೆ ಹೋಗಿ ಬಂದ. ಜರ್ಮನಿಯ ಸೈನ್ಯದ ಮೇಲಿನ ಆಪಾದನೆಗಳನ್ನೆಲ್ಲ ಅಲ್ಲಗಳೆದ 93 ಮಂದಿ ವಿದ್ವಾಂಸರ ಹೇಳಿಕೆಗೆ ಸಹಿ ಹಾಕಿದ. ಕಣ್ಣು ಮೂಗು ಉರಿಸುವ ಪುಡಿಯನ್ನು ಗುಂಡಿನಲ್ಲಿ ತುಂಬುವ ಕೆಲಸದಲ್ಲಿ ತೊಡಗಿದ. 1914ರ ಅಕ್ಟೋಬರಿನಲ್ಲಿ ಅದನ್ನು ಪ್ರಯೋಗಿಸಿದಾಗ ಎದುರಾಳಿಗಳಿಗೆ ಅದರ ಅರಿವೇ ಆಗಲಿಲ್ಲವಂತೆ. ಬಳಿಕ ಕ್ಲೋರಿನ್ ಎಂಬ ಘೋರ ವಿಷಾನಿಲವನ್ನು ತಂದವನು ಹಾಬರ್. ಆದರೂ ಆ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟವರಲ್ಲಿ ನೆರ್ನ್ಸ್ಟನೂ ಒಬ್ಬನೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಆತನ ದೊಡ್ಡ ಕೆಲಸಗಳನ್ನು ಮೆಚ್ಚುವ ನಾವು ಇದನ್ನೂ ಬರೆಯಲೇಬೇಕು. ಯುದ್ಧ ಆತನಿಂದ ಕಸಿದುಕೊಂಡದ್ದೂ ಸಣ್ಣದಲ್ಲ. ಇದ್ದ ಇಬ್ಬರು ಗಂಡುಮಕ್ಕಳೂ ರಣರಂಗದಲ್ಲಿ ಸತ್ತರು.

1920ರ ರಸಾಯನಶಾಸ್ತ್ರದ ನೋಬೆಲ್ ಪಾರಿತೋಷಕ ಆತನಿಗೆ ಸಂದಿತು, ಘೋಷಣೆಯಾದದ್ದು 1921ರಲ್ಲಿ. 1922ರಿಂದ ಎರಡು ವರ್ಷ ಜರ್ಮನಿಯ ರಾಷ್ಟ್ರೀಯ ಭೌತಮಾಪನ ಸಂಸ್ಥೆಯ ಅಧ್ಯಕ್ಷನಾಗಿದ್ದು, ಒಗ್ಗದೆ ವಿಶ್ವವಿದ್ಯಾಲಯಕ್ಕೆ ಮರಳಿದ. 1930ರ ಸುಮಾರಿಗೆ ಬೆಕ್‌ಸ್ಟೈನ್ ಮತ್ತು ಸೀಮೆನ್ಸ್ ಕಂಪೆನಿಗಳೊಡನೆ ವಿದ್ಯುತ್ ಪಿಯಾನೊ ಒಂದನ್ನು ಮಾಡಿಸಿದ. ಸಂಗೀತಗಾರರು ಅದನ್ನು ಒಪ್ಪಲಿಲ್ಲ, ಅದೂ ಪೇಟೆಯಲ್ಲಿ ನಿಲ್ಲಲಿಲ್ಲ. ತ್ಸಿಬೆಲೆ ಎಂಬಲ್ಲಿ ಜಮೀನು ಕೊಂಡು ಕೆರೆಗಳಲ್ಲಿ ಕಾರ್ಪ್ ಮೀನು ಸಾಕಿದ. ದನ ಸಾಕಿದರೆ ನಮ್ಮ ಖರ್ಚಿನಲ್ಲಿ ಜಗತ್ತನ್ನು ಬಿಸಿಮಾಡಿದಂತಾಗುತ್ತದೆ, ಮೀನಾದರೆ ನೀರಿನಷ್ಟೇ ತಣ್ಣಗಿರುತ್ತದೆ ಎಂಬುದು ಆತನ ಉಷ್ಣಗತಿವಿಜ್ಞಾನದ ವಾದ.

1933ರಲ್ಲಿ ಹಿಟ್ಲರನ ಆಡಳಿತ ಬಂದ ವರ್ಷವೇ ನೆರ್ನ್ಸ್ಟ್ ನಿವೃತ್ತನಾದ. ನಾಜಿಗಳನ್ನು ಆತ ಮೆಚ್ಚಿದವನಲ್ಲ. ಮೂವರು ಹೆಣ್ಣುಮಕ್ಕಳಲ್ಲಿ ಇಬ್ಬರ ಗಂಡಂದಿರು ಯಹೂದಿಗಳು. ಆ ಕುಟುಂಬಗಳು ದೇಶ ಬಿಟ್ಟು ಹೋಗಬೇಕಾಯಿತು. ದೇಶಕ್ಕಾಗಿ ಇಬ್ಬರು ಗಂಡುಮಕ್ಕಳನ್ನು ಕಳಕೊಂಡವನಿಗೆ ಆ ದೇಶ ಹೆಣ್ಣುಮಕ್ಕಳನ್ನೂ ಉಳಿಸಲಿಲ್ಲ. 1941ರ ನವೆಂಬರ್ 18ರಂದು ತ್ಸಿಬೆಲೆಯಲ್ಲಿ ಆತ ತೀರಿಕೊಂಡ. ಆ ಊರೂ ಇಂದು ಪೋಲೆಂಡಿನಲ್ಲಿದೆ. ಚಿತಾಭಸ್ಮವನ್ನು ಮುಂದೆ ಗೋಟಿಂಗನ್ನಿಗೆ ತಂದರು. ಪ್ಲ್ಯಾಂಕನ ಸಮಾಧಿಯೂ ಅದೇ ಸ್ಮಶಾನದಲ್ಲಿದೆ.

ಇನ್ನು ಉಳಿದ ಕಡ್ಡಿಯ ಕಥೆ. ಕಲ್ಲಿದ್ದಲನ್ನು ಉರಿಸಿ, ಆವಿ ಮಾಡಿ, ಚಕ್ರ ತಿರುಗಿಸಿ ವಿದ್ಯುತ್ತು ಮಾಡುವಾಗ ಬಹುಪಾಲು ಶಕ್ತಿ ಶಾಖವಾಗಿ ಪೋಲಾಗುತ್ತದೆ. ನೇರವಾಗಿ ಬ್ಯಾಟರಿಯ ಕ್ರಮದಲ್ಲಿ ವಿದ್ಯುತ್ತು ಪಡೆಯಬೇಕೆಂದು ನೆರ್ನ್ಸ್ಟನ ಗುರು ಓಸ್ಟ್ವಾಲ್ಡ್ 1894ರಲ್ಲೇ ಕರೆಕೊಟ್ಟಿದ್ದ. ಗುರುವಿಗೆ ಬೇಕಾಗಿದ್ದ ವಸ್ತು ಶಿಷ್ಯನ ದೀಪದಲ್ಲೇ ಇತ್ತು. ಅದನ್ನು ಇಂಧನಕೋಶಕ್ಕೆ ಬಳಸಿ ತೋರಿಸಿದವರು ಸ್ವಿಟ್ಜರ್ಲೆಂಡಿನ ಎಮಿಲ್ ಬೌರ್ ಮತ್ತು ಹಾನ್ಸ್ ಪ್ರೈಸ್, 1937ರಲ್ಲಿ. ನೆರ್ನ್ಸ್ಟ್ ದ್ರವ್ಯದ ಕೊಳವೆಯನ್ನು ಸುಮಾರು 1000 ಡಿಗ್ರಿಗೆ ಕಾಯಿಸಿ, ಒಂದು ಬದಿಗೆ ಇಂಧನ, ಇನ್ನೊಂದು ಬದಿಗೆ ಗಾಳಿ ಬಿಟ್ಟರು. ಗಾಳಿಯ ಆಮ್ಲಜನಕ ಕೊಳವೆಯ ಗೋಡೆಯನ್ನು ಹಾದು ಇಂಧನವನ್ನು ಸೇರುತ್ತದೆ, ಇಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರುತ್ತವೆ, ಅದೇ ವಿದ್ಯುತ್ತು. ಒಂದು ಕೋಶಕ್ಕೆ ಸುಮಾರು ಒಂದು ವೋಲ್ಟು. ಗಾಳಿಯ ಬದಿಗೆ ಅವರು ಹಚ್ಚಿದ್ದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡು. ತಡೆ ಅಧಿಕವಾಗಿದ್ದುದರಿಂದ ಬಂದ ವಿದ್ಯುತ್ತು ಅತ್ಯಲ್ಪ. ಹೀಗೆ ತನ್ನ ದೀಪದ ಕಡ್ಡಿಯಿಂದ ವಿದ್ಯುತ್ತು ಹುಟ್ಟಿದ್ದು ನೆರ್ನ್ಸ್ಟನ ಜೀವಿತಕಾಲದಲ್ಲೇ ಎಂಬುದು ಸಮಾಧಾನದ ಸಂಗತಿ.

ಗಟ್ಟಿ ವಸ್ತುವಿನಲ್ಲಿ ಆಮ್ಲಜನಕ ನಡೆಯುವುದು ಹೇಗೆಂದು 1943ರಲ್ಲಿ ತಿಳಿಯಹೇಳಿದವನು ಕಾರ್ಲ್ ವಾಗ್ನರ್. ಜಿರ್ಕೋನಿಯಂನ ಎರಡು ಪರಮಾಣುಗಳ ಜಾಗದಲ್ಲಿ ಯಿಟ್ರಿಯಂ ಕೂತರೆ ಆಮ್ಲಜನಕದ ಒಂದು ಸ್ಥಾನ ಖಾಲಿ ಬೀಳುತ್ತದೆ. ಬಯಲಾಟದ ಟೆಂಟಿನಲ್ಲಿ ಒಂದು ಕುರ್ಚಿ ಖಾಲಿಯಾದರೆ ಪಕ್ಕದವನು ಅಲ್ಲಿಗೆ ಸರಿಯುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ. ಆಮ್ಲಜನಕ ಮುಂದೆ ಸಾಗುವುದೂ ಹಾಗೆಯೇ.

1962ರಲ್ಲಿ ಈ ಕೆಲಸವನ್ನು ಮತ್ತೆ ಎತ್ತಿಕೊಂಡವರು ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪೆನಿಯ ವೈಸ್‌ಬಾರ್ಟ್ ಮತ್ತು ರೂಕಾ. ಅರವತ್ತು ವರ್ಷ ಹಿಂದೆ ನೆರ್ನ್ಸ್ಟನ ದೀಪ ಕೊಂಡವನ ಹೆಸರಿನದೇ ಕಂಪೆನಿ! ಅವರ ಧ್ರುವಗಳು ಪ್ಲ್ಯಾಟಿನಂನವು. ಕೋಶ ನಡೆಯಿತು, ಆದರೆ ಪ್ಲ್ಯಾಟಿನಂ ಸವರಿ ಊರಿಗೆ ವಿದ್ಯುತ್ತು ಕೊಡಲಾದೀತೆ? ಹಾಗೆಂದು ಅಗ್ಗದ ಲೋಹವನ್ನು ಹಚ್ಚುವಂತಿಲ್ಲ. ಗಾಳಿಯ ಬದಿಯಲ್ಲಿ ಸಾವಿರ ಡಿಗ್ರಿಗೆ ಕಬ್ಬಿಣ, ನಿಕ್ಕಲ್ ಎಲ್ಲ ತುಕ್ಕಾಗಿ ಹೋಗುತ್ತವೆ. ಕ್ಯಾಥೋಡು ಕೂಡ ಆಕ್ಸೈಡೇ ಆಗಿರಬೇಕು, ಆದರೆ ಲೋಹದಂತೆ ಇಲೆಕ್ಟ್ರಾನು ಹರಿಸಬೇಕು; ಜಿರ್ಕೋನಿಯದೊಡನೆ ಬೆರೆತು ಕೆಡಬಾರದು, ಬಿಸಿಗೆ ಹಿಗ್ಗುವಾಗ ಅದರಷ್ಟೇ ಹಿಗ್ಗಬೇಕು. ಇಲ್ಲವಾದರೆ ಸೀಳುಬಿಡುತ್ತದೆ. ಇಂಡಿಯಂ ಆಕ್ಸೈಡನ್ನು ಕೆಲಕಾಲ ಬಳಸಿ ನೋಡಿದರು.

ಉತ್ತರ ಸಿಕ್ಕಿದ್ದು ಲ್ಯಾಂಥನಂ ಮ್ಯಾಂಗನೈಟಿನಲ್ಲಿ. 1950ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯ ಯೋಂಕರ್ ಮತ್ತು ಫಾನ್ ಸಾಂಟನ್ ಕಾಂತಗುಣಕ್ಕಾಗಿ ಪರೀಕ್ಷಿಸಿದ್ದ ವಸ್ತು ಅದು. ಲ್ಯಾಂಥನಂನ ಜಾಗದಲ್ಲಿ ಸ್ವಲ್ಪ ಸ್ಟ್ರಾನ್ಷಿಯಂ ಸೇರಿಸಿದರೆ ಕೆಲವು ಮ್ಯಾಂಗನೀಸ್ ಪರಮಾಣುಗಳಲ್ಲಿ ಒಂದೊಂದು ಇಲೆಕ್ಟ್ರಾನು ಕಡಿಮೆ ಬೀಳುತ್ತದೆ. ಪಕ್ಕದ ಮ್ಯಾಂಗನೀಸ್ ತನ್ನದನ್ನು ಅದಕ್ಕೆ ದಾಟಿಸುತ್ತದೆ. ಮನೆಗೆ ಹಂಚು ಹೊದೆಸುವಾಗ ಸಾಲಾಗಿ ನಿಂತವರು ಕೈಯಿಂದ ಕೈಗೆ ಹಂಚು ದಾಟಿಸುವಂತೆ ಈ ಹರಿವು. ಬಿಸಿ ಏರಿದಷ್ಟೂ ಕೈಗಳು ಚುರುಕಾಗುತ್ತವೆ. 1000 ಡಿಗ್ರಿಯಲ್ಲಿ ಇದರ ವಾಹಕತೆ ಸೆಂಟಿಮೀಟರಿಗೆ ಸುಮಾರು 100ರಿಂದ 200 ಸೀಮೆನ್ಸ್. ಅದೇ ಬಿಸಿಯಲ್ಲಿ ನೆರ್ನ್ಸ್ಟ್ ದ್ರವ್ಯದ ಅಯಾನು ವಾಹಕತೆ ಸುಮಾರು 0.1 ಮಾತ್ರ. ಆದುದರಿಂದ ದ್ರವ್ಯದ ಪದರವನ್ನು ಕಾಗದದಂತೆ ತೆಳುವಾಗಿಸಬೇಕು, ಕ್ಯಾಥೋಡು ದಪ್ಪವಿದ್ದರೂ ನಡೆದೀತು. ವೆಸ್ಟಿಂಗ್‌ಹೌಸಿನವರು ಒಂದೂವರೆ ಮೀಟರ್ ಉದ್ದದ ಕೊಳವೆಯನ್ನೇ ಈ ಮ್ಯಾಂಗನೈಟಿನಿಂದ ಮಾಡಿ, ಮೇಲೆ ಉಳಿದ ಪದರಗಳನ್ನು ಹಚ್ಚಿದರು. ವಿದ್ಯುತ್ತು ಕೊಳವೆಯ ಸುತ್ತಳತೆಯನ್ನು ಸುತ್ತಿ ಬರಬೇಕಾದುದರಿಂದ ಕ್ಯಾಥೋಡಿನ ವಾಹಕತೆ ಅಲ್ಲಿ ಜೀವನ್ಮರಣದ ಪ್ರಶ್ನೆ. ಅಂಥ ಕೊಳವೆಗಳ 100 ಕಿಲೋವ್ಯಾಟಿನ ಸ್ಥಾವರವೊಂದು 1990ರ ದಶಕದ ಕೊನೆಯಲ್ಲಿ ನೆದರ್ಲೆಂಡಿನ ವೆಸ್ಟರ್‌ವೂರ್ಟಿನಲ್ಲಿ ನಡೆಯಿತು.

ಮ್ಯಾಂಗನೈಟಿಗೂ ಒಂದು ಕುಂದಿದೆ. ಅದು ಇಲೆಕ್ಟ್ರಾನು ಹರಿಸುತ್ತದೆ, ಆಮ್ಲಜನಕದ ಅಯಾನನ್ನು ಹರಿಸುವುದಿಲ್ಲವೆಂದೇ ಹೇಳಬೇಕು. ಹೊಳೆ ದಾಟುವವರು ಕಡವಿಗೇ ಬರಬೇಕಾದಂತೆ, ಆಮ್ಲಜನಕವು ಮ್ಯಾಂಗನೈಟು, ಜಿರ್ಕೋನಿಯ, ಗಾಳಿ ಮೂರೂ ಕೂಡುವ ಅಂಚಿಗೇ ಬರಬೇಕು. ಹಿಂದೆ ನೆನಪಿಡಲು ಹೇಳಿದ ಜಾಗ ಇದೇ. ಕಡವುಗಳನ್ನು ಹೆಚ್ಚಿಸಲೆಂದು ಎರಡೂ ಪುಡಿಗಳನ್ನು ಬೆರಸಿ ಹಚ್ಚುತ್ತಾರೆ. ಕೋಬಾಲ್ಟು ಮತ್ತು ಕಬ್ಬಿಣವಿರುವ ಹೊಸ ಕ್ಯಾಥೋಡುಗಳು ಇಲೆಕ್ಟ್ರಾನನ್ನೂ ಅಯಾನನ್ನೂ ಒಟ್ಟಿಗೆ ಹರಿಸುತ್ತವೆ, 700-800 ಡಿಗ್ರಿಯಲ್ಲೇ ಕೆಲಸಮಾಡುತ್ತವೆ. ಕೋಬಾಲ್ಟೈಟು ಒಂದರಲ್ಲಿ ವಾಹಕತೆ ಸಾವಿರ ಸೀಮೆನ್ಸನ್ನೂ ಮೀರುತ್ತದೆ. ಆದರೆ ಅದು ಬಿಸಿಗೆ ಜಿರ್ಕೋನಿಯದ ಸುಮಾರು ಇಮ್ಮಡಿ ಹಿಗ್ಗುತ್ತದೆ, ಅದರೊಡನೆ ಕೂಡಿ ವಿದ್ಯುತ್ತು ಹರಿಯದ ಪದರವನ್ನೂ ಕಟ್ಟುತ್ತದೆ. ನಡುವೆ ಸೀರಿಯಂ ಆಕ್ಸೈಡಿನ ತೆಳು ತೆರೆ ಹಾಕಿ ಕಾಪಾಡುತ್ತಾರೆ. ಈ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ನಮ್ಮಲ್ಲಿ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾಲಯದಲ್ಲಿ ಈ ಕೋಶಗಳ ಮೇಲೆ ಕೆಲಸ ನಡೆದಿದೆ.

ಇದೇ ಯಂತ್ರವನ್ನು ಹಿಮ್ಮುಖವಾಗಿ ನಡೆಸಿದರೆ ವಿದ್ಯುತ್ತು ಕೊಟ್ಟು ಆಮ್ಲಜನಕ ಪಡೆಯಬಹುದು. 2021ರ ಏಪ್ರಿಲಿನಲ್ಲಿ ಅಮೆರಿಕದ ಮಾಕ್ಸಿ ಎಂಬ ಉಪಕರಣ ಮಂಗಳಗ್ರಹದ ಗಾಳಿಯಿಂದ ಆಮ್ಲಜನಕ ತೆಗೆದದ್ದು ಹೀಗೆ, ಜಿರ್ಕೋನಿಯದ ಬಿಲ್ಲೆಗಳಲ್ಲಿ. ಅಲ್ಲಿ ಯಿಟ್ರಿಯಂನ ಬದಲು ಸ್ಕ್ಯಾಂಡಿಯಂ ಬೆರಸಿದ್ದರು. 2023ರಲ್ಲಿ ಕೆಲಸ ಮುಗಿಸುವ ಹೊತ್ತಿಗೆ ಅದು ತಯಾರಿಸಿದ್ದು ಒಟ್ಟು 122 ಗ್ರಾಂ.

ಅಷ್ಟು ದೂರ ಹೋಗುವುದೇನೂ ಬೇಡ. 1976ರಲ್ಲಿ ಬಾಷ್ ಕಂಪೆನಿ ಸ್ವೀಡನ್ನಿನ ವೋಲ್ವೋ ಕಾರಿನ ಹೊಗೆಕೊಳವೆಯಲ್ಲಿ ಜಿರ್ಕೋನಿಯದ ಒಂದು ಸಣ್ಣ ಟೊಪ್ಪಿಗೆಯನ್ನು ಕೂರಿಸಿತು. ಒಳಗೆ ಗಾಳಿ, ಹೊರಗೆ ಹೊಗೆ, ಎರಡು ಬದಿಗೂ ಪ್ಲ್ಯಾಟಿನಂ ಲೇಪ. ಹೊಗೆಯಲ್ಲಿ ಆಮ್ಲಜನಕ ತೀರ ಕಡಿಮೆಯಾದರೆ ಸುಮಾರು 0.9 ವೋಲ್ಟು, ಮಿಕ್ಕಿದ್ದರೆ 0.1ರಷ್ಟು, ಅದನ್ನು ನೋಡಿ ಇಂಜಿನು ಪೆಟ್ರೋಲಿನ ಅಳತೆಯನ್ನು ಸರಿಪಡಿಸಿಕೊಳ್ಳುತ್ತದೆ. ಆ ವೋಲ್ಟನ್ನು ಲೆಕ್ಕಹಾಕುವುದು 1889ರ ಅದೇ ಸಮೀಕರಣದಿಂದ. ನಮ್ಮಲ್ಲಿ 2020ರ ಏಪ್ರಿಲಿನಿಂದ ಹೊಸ ಹೊಗೆ ನಿಯಮ ಜಾರಿಯಾದ ಮೇಲೆ, ಪೆಟ್ರೋಲಿನ ಹೊಸ ಸ್ಕೂಟರು ಬೈಕುಗಳ ಹೊಗೆಕೊಳವೆಯಲ್ಲೂ ಆಮ್ಲಜನಕ ಅಳೆಯುವ ಇಂಥ ಉಪಕರಣ ಬಂದು ಕೂತಿದೆ.